ಮೇಷ್ಟ್ರ ಹೆಸರಿನ ಸೀಸೆ

ರಂಗಪ್ಪ ಮೇಷ್ಟ್ರು ಮೂರು ಕಂಬಕ್ಕೊಮ್ಮೆ ನಿಲ್ಲುತ್ತಿದ್ದರು. ರಾಜಾಜಿನಗರದ ನಮ್ಮ ಹೊಸ ಬ್ಲಾಕಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಕಂಬಗಳು ಮಾತ್ರ ನಿಂತಿದ್ದವು. ಅಂಗೈಯನ್ನು ಕಂಬಕ್ಕೆ ಊರಿ, ಸುಯ್‌ಗುಡುವ ಉಸಿರು ಹದಕ್ಕೆ ಬರುವವರೆಗೆ ಕಾಯುವರು. ಯಾರಾದರೂ ನೋಡಿದರೆ, “ಗಟ್ಟಿಯಾಗಿದ್ಯಾ ಅಂತ ನೋಡ್ತಿದೀನಿ ಕಣಪ್ಪ. ಈ ಕಂಟ್ರಾಕ್ಟರ್‌ನ ನಂಬೋಕಾಗಲ್ಲ” ಎನ್ನುವರು.

ಎದುರು ಮನೆಯ ನನಗೂ ಅದೇ ಗೂರಲು. ಆಗ ಹದಿನಾರು ವರ್ಷ. ಆಸ್ಪತ್ರೆಯಲ್ಲಿ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದಾರೆಂದು ತಿಳಿದು ಮೇಷ್ಟ್ರು ನನ್ನನ್ನೂ ಕರೆದೊಯ್ದರು. ಹಳೆಯ ಔಷಧಿ ಬಿಡುವಂತಿಲ್ಲ. ಅದರ ಜೊತೆಗೆ ಇದು. ಕೆಲವರ ಸೀಸೆಯಲ್ಲಿ ನಿಜವಾದ ಮದ್ದು, ಕೆಲವರದರಲ್ಲಿ ಬರೀ ಹಿಟ್ಟಿನ ಮಾತ್ರೆ. ಯಾರದು ಯಾವುದೆಂದು ಕೊನೆಯವರೆಗೆ ಡಾಕ್ಟರಿಗೂ ಗೊತ್ತಾಗುವಂತಿರಲಿಲ್ಲ. ಸೀಸೆಗಳ ಮೇಲೆ ನಮ್ಮ ಹೆಸರು ಬರೆದಿತ್ತು.

“ಇದ್ದಕ್ಕಿದ್ದಂಗೆ ನಿಲ್ಲಿಸ್ಬೇಡಿ. ಬೇರೆಯವರಿಗೆ ಕೊಡ್ಬೇಡಿ” ಎಂದು ಡಾಕ್ಟರು ಎರಡು ಸಲ ಹೇಳಿದರು.

ಮೂರನೆಯ ವಾರ ಮೇಷ್ಟ್ರು ಒಂದು ಕಂಬಕ್ಕೂ ನಿಲ್ಲದೆ ಬೀದಿ ದಾಟಿದರು. ನಾನು ಗೋಡೆಗೊರಗಿ ಕೂತೇ ಇದ್ದೆ. ಅವರು ಸೀಸೆ ಹಿಡಿದು ಬಂದರು.

“ನಿಂದು ಹಿಟ್ಟು ಕಣಮ್ಮ. ತಗೋ, ನಂದು. ನಿನ್ ಸೀಸೆ ಇಲ್ ಕೊಡು.”

“ಡಾಕ್ಟ್ರು ಬೇಡ ಅಂದಿದಾರೆ ಮೇಷ್ಟ್ರೇ. ನಿಮ್ಗೆ?”

“ನಂಗೆ ವಾಸಿಯಾಯ್ತಲ್ಲ! ಊಟ ಆದ್ಮೇಲೂ ಎಲೆ ಮುಂದೆ ಕೂತಿರ್ಲಾ?”

ಇದನ್ನು ಸರಿಯಾಗಿ ಬರೆಯಬೇಕು: ಅವರು ಕಿತ್ತುಕೊಳ್ಳಲಿಲ್ಲ. ನಾನೇ ಒಳಗೆ ಹೋಗಿ ನನ್ನ ಸೀಸೆ ತಂದುಕೊಟ್ಟೆ.

ನಾಲ್ಕು ದಿನಕ್ಕೆ ನನ್ನ ಎದೆ ಹಗುರಾಯಿತು. ಐದನೆಯ ದಿನ ಅವರು ಮತ್ತೆ ಕಂಬ ಹಿಡಿದು ನಿಂತಿದ್ದರು. ಓಡಿಹೋದೆ. ಓಡಲು ನನಗೆ ಆಗುತ್ತಿತ್ತು.

“ವಾಪಸ್ ತಗೊಳ್ಳಿ ಮೇಷ್ಟ್ರೇ.”

“ಧೂಳು... ಕಣಮ್ಮ. ಹೋಗು.”

ನಗಲು ಹೋದರು, ಉಸಿರು ಸಾಲಲಿಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಒಯ್ಯಲು ಜಟಕಾ ಬಂತು. ಹತ್ತಿಸುವ ಮೊದಲೇ ತೀರಿಕೊಂಡರು.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ನಾನು ಸೀಸೆಯನ್ನು ಮೇಜಿನ ಮೇಲಿಟ್ಟು, ಇನ್ನು ಮುಟ್ಟುವುದಿಲ್ಲ ಎಂದೆ. ಅವರು ಅದನ್ನು ನನ್ನ ಕಡೆಗೇ ಸರಿಸಿದರು.

“ಒಂದೇ ಸಲ ನಿಲ್ಲಿಸಿದ್ರೆ ನಿಂಗೂ ಹಾಗೇ ಆಗ್ಬಹುದಮ್ಮ. ಸ್ವಲ್ಪ ಸ್ವಲ್ಪ ಕಮ್ಮಿ ಮಾಡೋಣ.”

ಮೊದಲು ಇಡೀ ಮಾತ್ರೆ, ಆಮೇಲೆ ಅರ್ಧ, ಆಮೇಲೆ ಕಾಲು. ಹನ್ನೊಂದು ದಿನ, ಮೇಷ್ಟ್ರ ಹೆಸರಿದ್ದ ಸೀಸೆಯಿಂದಲೇ ನುಂಗಿದೆ.