ಮೂರು ತಾಲ್ಲೂಕಿನ ನಿಯೋಗ, ಒಂದು ಸಂಜೆ ಬಸ್ಸು

ಗುರುವಾರ ಬೆಳಿಗ್ಗೆ ಎಂಟಕ್ಕೆ ಯಾದಗಿರಿಯ ನನ್ನ ಮನೆಯ ಮುಂದಿನಿಂದ ನಿಯೋಗ ಹೊರಟಿತು. ನಿಯೋಗವೆಂದರೆ ಆ ಹೊತ್ತಿಗೆ ನಾನು, ಬಾಡಿಗೆ ಕ್ರೂಸರ್, ಅದರ ಡ್ರೈವರ್ ಮಲ್ಲಯ್ಯ, ಒಂದೇ ಬಣ್ಣದ ಮೂರು ಶಾಲು ಮತ್ತು ಬುಟ್ಟಿಯಲ್ಲಿ ಮೂರು ಹಾರ. ಮೂವರು ಶಾಸಕರಿಗೆ ಹೊದಿಸುವ ಶಾಲುಗಳಲ್ಲಿ ಒಂದು ಎಳೆಯ ವ್ಯತ್ಯಾಸವೂ ಕಾಣಬಾರದೆಂದು ಹಿಂದಿನ ಸಂಜೆ ಅಂಗಡಿಯವನ ತಾಳ್ಮೆಯನ್ನು ಪರೀಕ್ಷಿಸಿದ್ದೆ. ಶಿರಸ್ತೇದಾರನಾಗಿ ನಿವೃತ್ತನಾದವನಿಗೆ ರಾಜ್ಯಭಾರದ ಇಂಥ ಸೂಕ್ಷ್ಮಗಳು ತಿಳಿದಿರುತ್ತವೆ.

ನಾವು ಕೇಳಲು ಹೊರಟದ್ದು ಒಂದು ಬಸ್ಸು. ಸುರಪುರದಿಂದ ಶಹಾಪುರದ ಮೇಲೆ ಯಾದಗಿರಿಗೆ ಬಸ್ಸುಗಳಿಗೇನೂ ಬರವಿಲ್ಲ. ಆದರೆ ಅವೆಲ್ಲ ದೊಡ್ಡ ರಸ್ತೆಯನ್ನೇ ಹಿಡಿದು ಓಡುತ್ತವೆ. ಕಾಲುವೆ ದಂಡೆಯ ಹಳ್ಳಿಗಳಿಗೆ ಹೊಕ್ಕು ಬರುವ ಬಸ್ಸು ಕೊನೆಯ ಸಲ ಸುರಪುರ ಬಿಡುವುದು ನಾಲ್ಕಕ್ಕೆ, ಶಹಾಪುರ ದಾಟುವುದು ಐದಕ್ಕೆ ಮೊದಲು. ಅದರ ನಂತರ ಇನ್ನೊಂದು ಬೇಕು. ದಾರಿ ಮೂರು ತಾಲ್ಲೂಕುಗಳನ್ನು ತುಳಿಯುವುದರಿಂದ ಮೂರೂ ಕಡೆಯ ಶಾಸಕರು ಹೂಂ ಅನ್ನಬೇಕು. ಅಂದು ಮೂವರೂ ಸುರಪುರದ ಪ್ರವಾಸಿ ಮಂದಿರದಲ್ಲಿ ಯಾವುದೋ ಸಭೆಗೆ ಸೇರುವವರಿದ್ದರು. ಸಭೆ ಎರಡಕ್ಕೆ ಮುಗಿಯುತ್ತದೆಂದು ಆಪ್ತ ಸಹಾಯಕರೊಬ್ಬರು ಹೇಳಿದ್ದರು. ಆ ಎರಡು ಗಂಟೆ ಬೆಳಗಿನಿಂದಲೇ ನನ್ನ ತಲೆಯೊಳಗೆ ಬಡಿಯುತ್ತಿತ್ತು.

ಇನ್ನೊಂದು ಸಂಗತಿಯೂ ನನ್ನನ್ನು ಸೀಟಿನಲ್ಲಿ ಸರಿಯಾಗಿ ಕೂರಲು ಬಿಟ್ಟಿರಲಿಲ್ಲ. ನಿಯೋಗಕ್ಕೆ ಬರಲು ಒಪ್ಪಿಸುವ ಭರದಲ್ಲಿ ಶಹಾಪುರದ ಹತ್ತಿ ವ್ಯಾಪಾರಿ ಬಸವರಾಜಪ್ಪ ಸಾಹುಕಾರರಿಗೆ ಫೋನಿನಲ್ಲಿ “ಶಾಸಕರ ಮುಂದ ಮೊದಲ ಮಾತು ನಿಮ್ದ” ಎಂದಿದ್ದೆ. ಸುರಪುರದ ನಿವೃತ್ತ ಉರ್ದು ಶಿಕ್ಷಕರಾದ ಖಾದರ್ ಮಾಸ್ತರರಿಗೂ ಅದನ್ನೇ ಹೇಳಿದ್ದೆ. ಮೊದಲ ಮಾತಿಗೆ ನಾನು ಬರೆದುಕೊಂಡ ಭಾಷಣ ನನ್ನ ಜೇಬಿನಲ್ಲಿತ್ತು. ನಿಜಾಮರ ಕಾಲದಿಂದ ಆರಂಭವಾಗುವ ಅದರ ಪೀಠಿಕೆಯೇ ಎರಡು ಪುಟ.

ಭೀಮಾ ಸೇತುವೆ ದಾಟಿ, ದೊಡ್ಡ ರಸ್ತೆ ಬಿಟ್ಟು ಕಾಲುವೆ ದಾರಿಗೆ ಇಳಿದೆವು. ಎರಡೂ ಕಡೆ ಭತ್ತದ ಗದ್ದೆ, ನಡುವೆ ಗುಂಡಿಗಳು. ಕರಿಗುಡ್ಡ ಎಂಬ ಹಳ್ಳಿಯ ಬೇವಿನ ಮರದ ಕೆಳಗೆ ಭೀಮಬಾಯಿ ಕಾದಿದ್ದಳು. ಎರಡು ಎಕರೆ ಹೊಲ, ಗಂಡ ಇಲ್ಲ, ಒಬ್ಬಳೇ ಮಗಳು ಗೌತಮಿ. ಬಸ್ಸಿನ ಬೇಡಿಕೆಯನ್ನು ಮೊದಲು ನನ್ನ ಮನೆ ಬಾಗಿಲಿಗೆ ತಂದವಳು ಇವಳೇ. ಹಿಂದಿನ ಸೀಟಿನಲ್ಲಿ ಕೂತು ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡಳು.

“ಮಗಳ ಓದು ಹ್ಯಾಂಗ ನಡದದವ್ವಾ?” ಎಂದೆ.

“ನಡದಿಲ್ರಿ, ಓಡಾಕತ್ತದ. ಶಹಾಪುರದಾಗ ಬಿಎಸ್ಸಿ. ಪ್ರಾಕ್ಟಿಕಲ್ ಐದಕ್ಕ ಮುಗೀತದ, ಬಸ್ ಅದಕ್ಕಿಂತ ಮೊದ್ಲ ಹೋಗ್ತದ. ಅರ್ಧಕ್ಕ ಬಿಟ್ಟು ಓಡಿ ಬರ್ತಾಳ. ಹಿಂಗ ಬಿಟ್ರ ಪಾಸ್ ಮಾಡಂಗಿಲ್ಲಂತ ಕಾಲೇಜಿನವ್ರು ಹೇಳ್ಯಾರ.”

“ದೊಡ್ಡ ರಸ್ತೆದಾಗ ಇಳಿದು ನಡಕೋತ ಬರಬಾರದೇನು?”

“ಕತ್ತಲಾಗ ಕೆನಾಲ್ ದಂಡಿ ಮ್ಯಾಲ ನೀವು ಎಂದಾದ್ರೂ ನಡದೀರೇನ್ರಿ, ಸಾಹೇಬ್ರ?”

ನಡೆದಿರಲಿಲ್ಲ.

“ಅಕಿ ದೊಡ್ಡಪ್ಪ ಹೇಳಿಬಿಟ್ಟಾರ್ರಿ. ಈ ತಿಂಗಳದಾಗ ಬಸ್ ಬರಲಿಲ್ಲಂದ್ರ ಕಾಲೇಜ್ ಬಂದ್, ಹುಡುಗಿ ಮನ್ಯಾಗ” ಎಂದು ಆಕೆ ತಣ್ಣಗೆ ಹೇಳಿದಳು. ಆಮೇಲೆ ಮಲ್ಲಯ್ಯನಿಗೆ, “ತಮ್ಮಾ, ಜರ ಜಲ್ದಿ ಹೊಡಿ.”

ಶಹಾಪುರ ಹತ್ತಿರವಾದಾಗ ಮಲಗಿದ ಬುದ್ಧನ ಆಕಾರದ ಗುಡ್ಡ ಕಾಣಿಸಿತು. ಭೀಮಬಾಯಿ ಕೈ ಮುಗಿದಳು. ಅಂದು ನಾನು ಕಂಡವರಲ್ಲಿ ಅವಸರವಿಲ್ಲದೆಯೂ ಗೌರವ ಉಳಿಸಿಕೊಂಡವನು ಅವನೊಬ್ಬನೇ.

ಬಸವರಾಜಪ್ಪ ಸಾಹುಕಾರರು ಅಂಗಡಿಯ ಗಾದಿಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಸಿದ್ಧರಾಗಿ ಕೂತಿದ್ದರು. ಸಿದ್ಧರಾಗಿರುವುದೆಂದರೆ ಹೊರಡುವುದಲ್ಲ. ಮೊದಲು ಮಂಡಕ್ಕಿಯ ಸುಸಲಾ ಬಂತು, ಮಿರ್ಚಿ ಬಂತು, ಚಹಾ ಬಂತು. “ನಮ್ಮ ಅಣ್ಣಾರ ಮನಿ ಮುಂದ ಹಾದು ಹೋಗಿ ಒಳಗ ಬರಲಿಲ್ಲಂದ್ರ ಅವರು ಏನ ತಿಳ್ಕೊಂಡಾರು?” ಎಂದು ಅಲ್ಲಿಗೂ ಕರೆದೊಯ್ದರು. ಅಲ್ಲಿ ಮತ್ತೆ ಚಹಾ. ಭೀಮಬಾಯಿ ಮಾತ್ರ ಕ್ರೂಸರಿನಿಂದ ಇಳಿಯಲಿಲ್ಲ. ಕಪ್ಪು ಕಳಿಸಿದರೆ ಮಲ್ಲಯ್ಯನಿಗೆ ದಾಟಿಸಿದಳು.

ಹೊರಡುವಾಗ ಮುಂದಿನ ಸೀಟಿನ ಪ್ರಶ್ನೆ ಎದ್ದಿತು. ನಾನು ಇಳಿದು ಸಾಹುಕಾರರಿಗೆ ಬಾಗಿಲು ತೆರೆದೆ.

“ಛೇ, ನೀವ ಮೊದಲ್ರಿ, ಹಿರೇರು.”

“ಊರು ನಿಮ್ದು, ನೀವ ಕೂಡ್ರಿ.”

“ನಿಯೋಗ ನಿಮ್ದು. ನಾ ಹಿಂದ ಕೂಡ್ತೀನಿ.”

ಬಿಸಿಲು ಏರುತ್ತಿತ್ತು. ಒಳಗಿನಿಂದ ಭೀಮಬಾಯಿ, “ಯಾರರೆ ಒಬ್ರು ಕೂಡ್ರಿ ಯಪ್ಪಾ, ಹೊತ್ತು ಹೊಂಟದ” ಎಂದಳು. ಕೊನೆಗೆ ಇಬ್ಬರೂ ಹಿಂದೆ ಕೂತೆವು. ಮುಂದಿನ ಸೀಟಿನಲ್ಲಿ ಹಾರದ ಬುಟ್ಟಿ ಸಕಲ ಮರ್ಯಾದೆಗಳೊಂದಿಗೆ ಪ್ರಯಾಣ ಮಾಡಿತು.

ಸುರಪುರದ ಗುಡ್ಡಗಳ ನಡುವೆ ದಾರಿ ಏರಿ ಊರು ಸೇರಿದಾಗ ಹನ್ನೆರಡು ದಾಟಿತ್ತು. ಖಾದರ್ ಮಾಸ್ತರರು ಶೇರ್ವಾನಿ ತೊಟ್ಟು ಬಾಗಿಲಲ್ಲೇ ಇದ್ದರು. ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರು, “ಖಾಲಿ ಹೊಟ್ಟೀಲೆ ಸರ್ಕಾರದ ಮುಂದ ನಿಂದ್ರಬಾರದು, ಸಾಬ್. ದಸ್ತರಖಾನ್ ಹಾಸೇದ” ಎಂದರು. ಊಟ ರುಚಿಯಾಗಿತ್ತು ಎಂಬುದನ್ನು ಸತ್ಯದ ದೃಷ್ಟಿಯಿಂದ ಬರೆಯುತ್ತಿದ್ದೇನೆ. ಗಡಿಯಾರ ನೋಡುತ್ತ ಉಂಡ ನನಗೆ ಅದು ಏನೆಂದು ಈಗ ನೆನಪಿಲ್ಲ. ಊಟದ ಮೇಲೆ ಚಹಾ. ಭೀಮಬಾಯಿ ಕಟ್ಟೆಯ ಮೇಲೆ ಕೂತು ತನ್ನ ರೊಟ್ಟಿ ಬಿಚ್ಚಿದ್ದಳು. ಮಾಸ್ತರರ ಹೆಂಡತಿ ಬಲವಂತದಿಂದ ಒಳಗೆ ಕರೆದರೆ, “ಕರಿಬ್ಯಾಡ ಯಕ್ಕಾ, ನಾ ಒಳಗ ಬಂದ್ರ ಇವರು ಇನ್ನೊಂದ್ ತಾಸ ಕೂಡ್ತಾರ” ಎಂದಳು.

ಎರಡಕ್ಕೆ ಐದು ನಿಮಿಷವಿರುವಾಗ ಪ್ರವಾಸಿ ಮಂದಿರ ಮುಟ್ಟಿದೆವು. ಸಭೆ ಮುಗಿದಿರಲಿಲ್ಲ. ಇಷ್ಟು ಓಡಿದ್ದು ಕಾಯುವುದಕ್ಕೆ ಎಂದು ತಿಳಿದ ಮೇಲೆ ನನ್ನ ಚಡಪಡಿಕೆ ಹೆಚ್ಚಾಯಿತು. ಹುಣಸೆ ಮರದ ಕೆಳಗೆ ಅತ್ತಿಂದಿತ್ತ ನಡೆದೆ. ಜೇಬು ಮುಟ್ಟಿಕೊಂಡೆ, ಶಾಲು ಬಿಚ್ಚಿ ಮತ್ತೆ ಮಡಚಿದೆ. ಸಾಹುಕಾರರೂ ಮಾಸ್ತರರೂ ತಮ್ಮ ತಮ್ಮ ಮೊದಲ ಮಾತನ್ನು ತುಟಿಯಲ್ಲೇ ಪಠಿಸುತ್ತಿದ್ದುದನ್ನು ಕಂಡು ಬೆವರಿದೆ. ಹಾರದ ಹೂ ಬಾಡುತ್ತಿತ್ತು. ಆಪ್ತ ಸಹಾಯಕರು ನಾಲ್ಕು ಸಲ ಹೊರಬಂದು ನಾಲ್ಕೂ ಸಲ “ಐದೇ ನಿಮಿಷ” ಎಂದರು.

ಮೂರೂವರೆಯ ಮೇಲೆ ಬಾಗಿಲು ತೆರೆದು ಮೂವರೂ ಶಾಸಕರು ಒಟ್ಟಿಗೆ ಹೊರಬಂದರು. ಕಾರುಗಳು ಆಗಲೇ ಗುರುಗುಡುತ್ತಿದ್ದವು. “ಹೇಳ್ರಿ ಹಿರೇರ, ಏನಾಗಬೇಕು?” ಎಂದರು ಅವರಲ್ಲಿ ವಯಸ್ಸಾದವರು.

ಸಾಹುಕಾರರೂ ಮಾಸ್ತರರೂ ಒಟ್ಟಿಗೆ ಬಾಯಿ ತೆರೆದು ಜಗಳವಾಗುತ್ತದೆಂದು ನಾನು ಕಣ್ಣು ಮುಚ್ಚಿದೆ. ಆದದ್ದು ಬೇರೆ.

“ಮಾಸ್ತರ್, ನೀವ ಮೊದಲ್ರಿ” ಎಂದರು ಸಾಹುಕಾರರು.

“ತೌಬಾ! ನೀವಿರಾಗ ನಾನಾ? ನೀವ ಹೇಳ್ರಿ.”

“ಓದಿದವರು ನೀವು.”

“ನಮ್ಮೂರಿಗೆ ಬಂದ ಮೆಹಮಾನರು ನೀವು. ಮೊದಲ ಮಾತು ಮೆಹಮಾನರದು.”

ಇಬ್ಬರೂ ನನ್ನತ್ತ ತಿರುಗಿ, “ಶಿರಸ್ತೇದಾರ್ ಸಾಹೇಬ್ರ ಹೇಳಲಿ” ಎಂದರು. ಎರಡು ಪುಟದ ಪೀಠಿಕೆ ಜೇಬಿನಲ್ಲಿದ್ದ ನಾನು, ದೇವರಾಣೆ, “ಇಲ್ಲ ಇಲ್ಲ, ನೀವ ಹೇಳ್ರಿ” ಎಂದೆ. ಹುಟ್ಟುಗುಣ. ಏನಾದರೂ ಮಾಡಬೇಕೆಂದು ಶಾಲು ತೆಗೆದರೆ, “ಮೊದಲ ಅವರಿಗೆ ಹಾಕ್ರಿ” ಎಂದು ಒಬ್ಬ ಶಾಸಕರು ಇನ್ನೊಬ್ಬರನ್ನು ತೋರಿಸಿದರು. ಅವರು ಮೂರನೆಯವರನ್ನು ತೋರಿಸಿದರು. ಹೇಗೋ ಮೂವರಿಗೂ ಹೊದಿಸಿ, ಫೋಟೊ ಆಗಿ, ಬಸ್ಸು ಎಂಬ ಶಬ್ದ ನನ್ನ ಬಾಯಿಂದ ಹೊರಬಿತ್ತು.

“ಡಿಪೊ ನಿಮ್ಮ ಕಡೆ ಅದ, ನೀವ ಹೇಳಬೇಕ್ರಿ” ಎಂದರು ಒಬ್ಬರು.

“ಹಳ್ಳಿ ನಿಮ್ಮಾವು. ನೀವ ಮೊದಲ ಪತ್ರ ಕೊಡ್ರಿ, ನನ್ನ ಸಹಿ ಹಿಂದ ಇರ್ತದ.”

“ದಾರಿ ಶುರು ಆಗೋದು ಇವರ ಊರಾಗ. ಇವರದ ಮೊದಲ ಆಗಲಿ.”

ನಮ್ಮನ್ನು ಮೀರಿಸಿದ ಸೌಜನ್ಯ. ಮೂರು ಶಾಲುಗಳು ಒಂದಕ್ಕೊಂದು ಬಾಗುತ್ತಿದ್ದವು, ಬಸ್ಸು ನಡುವೆ ನಿಂತಿತ್ತು.

ಆಗ ಭೀಮಬಾಯಿ ಮರದ ಕೆಳಗಿನಿಂದ ಎದ್ದು, ಸೆರಗು ಕೊಡವಿ ಗೇಟಿನತ್ತ ಹೊರಟಳು.

“ಎಲ್ಲಿಗವ್ವಾ?” ಎಂದೆ ಗಾಬರಿಯಿಂದ.

“ಬಸ್ಸಿಗಿರಿ. ನಾಕಕ್ಕ ಬಿಡ್ತದ.”

“ಕ್ರೂಸರ್ ಅದಲ್ಲ!”

“ನಿಮ್ಮ ಗಾಡಿ ನಂಬಂಗಿಲ್ರಿ. ಮಾಸ್ತರ ಮನ್ಯಾಗ ಚಾ, ಸಾವ್ಕಾರ ಮನ್ಯಾಗ ಚಾ, ಅವರ ಅಣ್ಣನ ಮನ್ಯಾಗ ಚಾ. ನಾ ಊರು ಮುಟ್ಟೋದು ನಾಳಿಗಿ.”

ವಯಸ್ಸಾದ ಶಾಸಕರು ನಕ್ಕರು. “ನಿಂದ್ರು ತಾಯಿ, ಮಾತು ಮುಗೀಲಿ. ಮುಂದಿನ ಬಸ್ಸಿಗಿ ಹೋಗೀಯಂತ.”

“ಮುಂದಿಂದು ಇಲ್ರಿ” ಎಂದಳು ಭೀಮಬಾಯಿ. “ಅದನ್ನ ಕೇಳಾಕ ಬಂದೇವಿ. ನನ್ನ ಮಗಳೂ ದಿನಾ ಹಿಂಗ ಎದ್ದು ಓಡ್ತಾಳ್ರಿ, ಕೈಯಾಗಿಂದು ಅರ್ಧಕ್ಕ ಬಿಟ್ಟು.” ಗೇಟಿಗೆ ಕೈ ಹಾಕಿದಳು. “ತಿಂಗಳೊಪ್ಪತ್ತಿನಾಗ ಅದೂ ಇರಂಗಿಲ್ಲ. ಮನ್ಯಾಗ ಕೂಡಸ್ತಾರ. ಬರ್ತೀನ್ರಿ.”

ಹೋಗಿಯೇಬಿಟ್ಟಳು. ಅವಸರದ ಚಪ್ಪಲಿ ಸಪ್ಪಳ ಗೇಟಿನಾಚೆ ಇಳಿಜಾರಿನಲ್ಲಿ ಸ್ವಲ್ಪ ಹೊತ್ತು ಕೇಳಿಸಿತು. ಯಾರೂ ಯಾರಿಗೂ “ನೀವು ಮೊದಲು” ಎನ್ನಲಿಲ್ಲ. ವಯಸ್ಸಾದವರು ಕೈಗಡಿಯಾರ ನೋಡಿಕೊಂಡರು, ಆಪ್ತ ಸಹಾಯಕರತ್ತ ಕೈ ಚಾಚಿದರು. “ಡಿಪೊಗೆ ಫೋನ್ ಹಚ್ಚು.”

ಸೋಮವಾರದಿಂದ, ಒಂದು ತಿಂಗಳ ಮಟ್ಟಿಗೆ, ಸಂಜೆ ಬಸ್ಸು ಬಿಟ್ಟು ನೋಡೋಣ ಎಂದು ಆಯಿತು. ಮಾಸ್ತರರ ಮನೆಯಲ್ಲಿ ಚಹಾ ಕುಡಿದೆವು. ಶಹಾಪುರದಲ್ಲೂ ಕುಡಿದೆವು. ಯಾದಗಿರಿ ಮುಟ್ಟಿದಾಗ ಊರು ಮಲಗಿತ್ತು. ಭೀಮಬಾಯಿಯ ಲೆಕ್ಕ ತಪ್ಪಿರಲಿಲ್ಲ.

ಸರ್ಕಾರಿ ಮಾತನ್ನು ಕಣ್ಣಾರೆ ಕಾಣದೆ ನಂಬಬಾರದೆಂಬುದು ನನ್ನ ನೌಕರಿಯ ಪಾಠ. ಸೋಮವಾರ ಮಧ್ಯಾಹ್ನ ಮತ್ತೆ ಶಹಾಪುರಕ್ಕೆ ಹೋಗಿ ಬಸ್ ನಿಲ್ದಾಣದಲ್ಲಿ ಕೂತೆ, ಎದ್ದೆ, ಕೂತೆ. ನಾಲ್ಕರದ್ದು ಬಂದು ಹೋಯಿತು. ಐದಾಯಿತು. ಪುಸ್ತಕ ಎದೆಗವಚಿಕೊಂಡ ಹುಡುಗಿಯರ ಗುಂಪೊಂದು ಬಂತು.

“ಕರಿಗುಡ್ಡದ ಗೌತಮಿ ಯಾರವ್ವಾ?”

ಒಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಾನ ರೀ. ನೀವೇನು, ಚಾ ಕುಡ್ಯಾ ನಿಯೋಗದವರಾ? ಅವ್ವ ಹೇಳ್ಯಾಳ.”

ಐದೂವರೆ ದಾಟಿ, ಇನ್ನು ಬರುವುದಿಲ್ಲವೆಂದು ನಾನು ತೀರ್ಮಾನಿಸುವಾಗ ಬಸ್ಸು ಬಂತು. ಬಾಗಿಲಲ್ಲಿ ಯಾವ ಮರ್ಯಾದೆಯೂ ನಡೆಯಲಿಲ್ಲ. ಮೊಣಕೈಗಳು ಮೊದಲು ಹತ್ತಿದವು, ಹುಡುಗಿಯರು ಆಮೇಲೆ. ನಾನು ಹತ್ತುವಷ್ಟರಲ್ಲಿ ಸೀಟು ಉಳಿದಿರಲಿಲ್ಲ. ಗೌತಮಿ ಎದ್ದು, “ಅಜ್ಜಾರ, ಕೂಡ್ರಿ” ಎಂದಳು. ಅಭ್ಯಾಸಬಲದಿಂದ “ಇಲ್ಲವ್ವ, ನೀನ ಕೂಡು” ಎಂದೆ. ಅವಳು ಎರಡನೇ ಸಲ ಹೇಳಲಿಲ್ಲ. ಕೂತು ಪುಸ್ತಕ ಬಿಚ್ಚಿದಳು. ಕಾಲುವೆ ದಾರಿಯ ಗುಂಡಿಗಳನ್ನೆಲ್ಲ ನಾನು ನಿಂತೇ ಎಣಿಸಿದೆ.

ಕರಿಗುಡ್ಡದಲ್ಲಿ ಬೆಳಕು ಇನ್ನೂ ಕೊಂಚ ಉಳಿದಿತ್ತು. ಬೇವಿನ ಮರದ ಕೆಳಗೆ ಭೀಮಬಾಯಿ ನಿಂತಿದ್ದಳು. ಮಗಳನ್ನು ಇಳಿಸಿಕೊಂಡು, ಕಿಟಕಿಯಲ್ಲಿ ನನ್ನ ಮುಖ ಕಂಡು ಹತ್ತಿರ ಬಂದಳು.

“ಇಳೀರಿ ಸಾಹೇಬ್ರ, ಚಾ ಕುಡದು ಹೋಗೀರಂತ.”

“ಬ್ಯಾಡವ್ವ” ಎಂದೆ. “ಇದು ಕಡೀ ಬಸ್ಸು.”