ನಾಲ್ಕನೆಯ ಮೂಲೆ

ಔರಾದ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಈಗ ಜೋಳದ ರೊಟ್ಟಿಗಿಂತ ಅನ್ನ, ದಾಲ್ ಹೆಚ್ಚು ಖರ್ಚಾಗುತ್ತದೆ. ಊರಿನ ಖಾಲಿ ಕೋಣೆಗಳನ್ನೆಲ್ಲ ಸೋಲಾರ್ ಕೆಲಸಕ್ಕೆ ಬಂದವರು ಹಿಡಿದಿದ್ದಾರೆ. ಅಣ್ಣನ ಹೊಲದಲ್ಲೂ ತೊಗರಿ ಹೋಗಿ ಸಾಲುಸಾಲು ಸೋಲಾರ್ ಪ್ಲೇಟುಗಳು ನಿಂತಿವೆ. ಹೊಲ ಲೀಸಿಗೆ ಕೊಡು ಎಂದು ಬೀದರದಿಂದ ಬಂದು ಅವನನ್ನು ಒಪ್ಪಿಸಿದವನು ನಾನೇ.

ಹೋದ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಅಣ್ಣ ಚರಗ ಚೆಲ್ಲಲೇಬೇಕು ಎಂದು ಹಟ ಹಿಡಿದ. ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ನಡೆದು ಭೂತಾಯಿಗೆಂದು ಜೋಳದ ಅಂಬಲಿ, ಕಾಳು-ಸೊಪ್ಪಿನ ಭಜ್ಜಿ ಚೆಲ್ಲುತ್ತ ಹೋಗಬೇಕು. ನಾಲ್ಕು ಮೂಲೆಗಳಲ್ಲಿ ಒಂದನ್ನೂ ಬಿಡುವಂತಿಲ್ಲ.

ಗೇಟಿನ ಕಾವಲುಗಾರ ಭಾಲ್ಕಿ ಕಡೆಯವನು. ಹಬ್ಬವೆಂದು ಒಳಗೆ ಬಿಟ್ಟ. "ಕಾಕಾ, ಚಪ್ಪಲ್ ಹಾಕೊಂಡ್ ಹೋಗ್ರಿ."

"ಹೊಲದಾಗ ಇವತ್ತ ಯಾರರೆ ಚಪ್ಪಲ್ ಹಾಕೋತಾರೇನೋ? ನಿಮ್ಮ ಭಾಲ್ಕ್ಯಾಗ ಹಾಕೋತೀರೇನು?" ಎಂದ ಅಣ್ಣ.

"ಇದು ಹೊಲ ಅಲ್ರಿ ಕಾಕಾ. ಕರೆಂಟ್ ಅದ."

ಅಣ್ಣ ನಕ್ಕ. ನಾನು ನಗಲಿಲ್ಲ. ಬೂಟು ಬಿಚ್ಚಿ ಅವನ ಜೊತೆ ಹೋಗಲೂ ಇಲ್ಲ.

ಅವನು ಮೊದಲಿನ ಬದುವಿನ ನೆನಪಿನ ಮೇಲೆ ನಡೆದ. ಬದು ಇದ್ದಲ್ಲಿ ಈಗ ಕೇಬಲ್ಲಿನ ಕಾಲುವೆ ಮುಚ್ಚಿದ ಹಸಿಮಣ್ಣು. ಕೈಯಲ್ಲಿ ಹಿತ್ತಾಳೆ ಚರಗಿ, ಮೊಳಕೈವರೆಗೆ ಅಂಬಲಿ. ಮೂರು ಮೂಲೆ ಮುಗಿದವು. ಗೇಟಿಗೆ ಹತ್ತಿರದ ನಾಲ್ಕನೆಯದರಲ್ಲಿ ಆಳೆತ್ತರದ ಕರೆಂಟಿನ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಅದರ ಬಾಗಿಲು ಪೂರ್ತಿ ಹಾಕಿರಲಿಲ್ಲ. ಎರಡು ಬೆರಳಿನಷ್ಟು ಸಂದು ಇತ್ತು. ಅದನ್ನು ಗೇಟಿನಿಂದಲೇ ಕಂಡೆ.

"ಅಣ್ಣಾ, ಅಲ್ಲಿ ಬ್ಯಾಡ!"

ಅವನು ಕೈ ಎತ್ತಿದ್ದ. ಪ್ರತಿ ವರ್ಷ ಎತ್ತುವಷ್ಟೇ ಎತ್ತರಕ್ಕೆ. ಅಂಬಲಿ ಪೆಟ್ಟಿಗೆಯ ನೆತ್ತಿಗೆ ಬಿತ್ತು, ಬಿಳಿ ಗೆರೆಯಾಗಿ ಬಾಗಿಲಿನ ಮೇಲೆ ಇಳಿಯಿತು, ಸಂದಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಅದು ಗಟ್ಟಿ ಅಂಬಲಿ. ವೈನಿ, ಅಣ್ಣನ ಹೆಂಡತಿ, ಯಾವಾಗಲೂ ಗಟ್ಟಿಯಾಗಿಯೇ ಮಾಡುತ್ತಾರೆ.

ಕಾವಲುಗಾರ ಓಡಿಹೋಗಿ ಅಣ್ಣನ ಅಂಗಿ ಹಿಡಿದು ಹಿಂದಕ್ಕೆ ಎಳೆದ. ಅಣ್ಣನಿಗೆ ಸಿಟ್ಟು ಬಂದಿತ್ತು. "ಮೂಲಿ ಬಿಡ್ಲಿಕ್ಕೆ ಬರ್ತದೇನು ತಮ್ಮಾ?" ಎಂದು ನನ್ನನ್ನೇ ಕೇಳಿದ.

ಊಟಕ್ಕೆ ಕೂತಾಗ ಅವನ ಅಂಗಾಲಿಗೆ ಹತ್ತಿದ್ದ ಹಸಿಮಣ್ಣನ್ನು ನೋಡುತ್ತಿದ್ದೆ.

ಮತ್ತೆ ಎಳ್ಳಮಾಸಿ ಹತ್ತಿರ ಬಂದಿದೆ. ಬೀದರದಲ್ಲಿ ಎರಡು ಜೊತೆ ದಪ್ಪ ರಬ್ಬರ್ ಬೂಟು ಕೊಂಡು ತಂದಿದ್ದೇನೆ. ಅಣ್ಣ ಹಾಕಿಕೊಳ್ಳುವುದಿಲ್ಲ, ಗೊತ್ತು. ಒಂದು ಜೊತೆ ನನಗೆ. ನಾಲ್ಕನೆಯ ಮೂಲೆಗೆ ಅವನಿಗಿಂತ ಮೊದಲು ಹೋಗಿ ಪೆಟ್ಟಿಗೆಯ ಮುಂದೆ ನಿಲ್ಲುತ್ತೇನೆ. ಅಂಬಲಿ ನನ್ನ ಮೇಲೆ ಬೀಳಲಿ.