ಉಚ್ಚಂಗಮ್ಮನ ಮೈಬಣ್ಣ

"ನಮ್ಮಕ್ಕ ಉಚ್ಚಂಗಮ್ಮ ಕಾವಲಿಯಂಗೆ ಕರ್ರಗಿದ್ಲು ಕಣಪ್ಪ. ಈ ರಸ್ತೇಲಿ ಹೋಗೋರಿಗೆಲ್ಲ ನೀರು ಕೊಟ್ಟೇ ಸವೆದ್ಲು. ಅವಳದೊಂದು ಫೋಟೋನೂ ಇಲ್ಲ. ಹಿರಿಯೂರಿನ ಲಾರಿ ಸಾಹುಕಾರ್ರು ಅವಳ ಕೈನೀರು ಕುಡಿದು ಜೀವ ಉಳಿಸ್ಕಂಡೋರು. ಅವಳಿದ್ದಾಗ್ಲೇ ಶಿಲ್ಪಿನ ಕರ್ಕಂಬಂದು ಈ ಕಂಚಿನ ಗೊಂಬೆ ಮಾಡಿಸಿದ್ರು. ಕಂಚು ಅಂದ್ರೆ ಹಳದಿ ಅಲ್ಲೇನು? ಆ ಪುಣ್ಯಾತ್ಮ ಏನೋ ಮದ್ದು ಹಚ್ಚಿ, ಬೆಂಕಿ ತೋರ್ಸಿ, ಅಕ್ಕನ ಮೈಬಣ್ಣಾನೇ ತಂದ. ಹಣೆಗೆ ಕೆಂಪು, ಸೀರೆ ಅಂಚಿಗೆ ಹಸಿರು ಬಳಿದ. 'ಈ ಕಪ್ಪು ಹಾಲಿನ ಕೆನೆಯಂಗೆ ಮೇಲೆ ಕುಂತೈತೆ, ತಿಕ್ಕಬ್ಯಾಡ್ರಿ. ಮೆತ್ತನೆ ಬಟ್ಟೇಲಿ ಒರೆಸಿ, ಜೇನುಮೇಣ ಸವರ್ರಿ' ಅಂದ. ಹಂಗೇ ಮಾಡ್ತೀನಿ. ಕೆನ್ನೆ ಒರೆಸ್ತಿದ್ರೆ ಅಕ್ಕನ ಹತ್ರ ಕುಂತಂಗಿರ್ತೈತೆ."

ಆದಿವಾಲದ ಅರವಟ್ಟಿಗೆಯಲ್ಲಿ ನೀರು ಕುಡಿಯಲು ನಿಂತವರಿಗೆಲ್ಲ ಕೆಂಚಕ್ಕ ಇದನ್ನೇ ಹೇಳುತ್ತಿದ್ದಳು. ಅಕ್ಕ ಹೋದ ಮೇಲೆ ನೀರು ಕೊಡುವ ಕೆಲಸವೂ ಇವಳದೇ.

ಎಪ್ಪತ್ತೇಳನೇ ಇಸವಿಯಲ್ಲಿ ಮಗಳ ಬಾಣಂತನಕ್ಕೆಂದು ತಾಳ್ಯಕ್ಕೆ ಹೋದಳು. ಅಕ್ಕನ ವರ್ಷದ ಎಡೆಗೆ ವಾಪಸು ಬಂದು ಬಸ್ಸಿಳಿದರೆ, ನೆರೆಮನೆಯ ಚಂದ್ರಕ್ಕ ಓಡಿಬಂದು ಕೈಹಿಡಿದು ಅರವಟ್ಟಿಗೆಗೆ ಎಳೆದೊಯ್ದಳು.

"ಕಣ್ಮುಚ್ಚೇ ಕೆಂಚಿ! ಈಗ ತೆಗಿ. ನೀನು ಮೇಣ ಬಳಿದೂ ಬಳಿದೂ ಮಸಿ ಹಿಡಿಸಿದ್ದೆ. ಹೆಂಗಸರೆಲ್ಲ ಸೇರಿ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದ್ವಿ. ನಿಮ್ಮಕ್ಕ ಈಗ ಬಂಗಾರ! ಗಂಡು ನೋಡಾಣೇನು?"

ಎಲ್ಲರೂ ನಕ್ಕರು. ಬಿಸಿಲಲ್ಲಿ ಯಾರೋ ಹಳದಿ ಹೆಂಗಸು ಫಳಫಳ ಹೊಳೆಯುತ್ತ ನಿಂತಿದ್ದಳು.

"ಹಣೆಯ ಕುಂಕುಮ?"

"ಕಿತ್ಕಂಡು ಹೋಯ್ತು. ಬೇರೆ ಇಟ್ರಾಯ್ತು ಬಿಡು."

ಬಯ್ಯಲೆಂದು ಬಾಯಿ ತೆರೆದ ಕೆಂಚಕ್ಕನಿಗೆ ಚಂದ್ರಕ್ಕನ ಬೆರಳು ಕಂಡವು. ತಿಕ್ಕಿ ತಿಕ್ಕಿ ತುದಿಯೆಲ್ಲ ಸುಲಿದಿತ್ತು. "ಕೈಗೆ ಕೊಬ್ರಿ ಎಣ್ಣೆ ಹಚ್ಕಳೇ" ಅಂದಳು, ಅಷ್ಟೇ.

ಮಾರನೇ ದಿನ ಮೇಣ ಸವರಿ ನೋಡಿದಳು. ಹಳದಿ ಇನ್ನಷ್ಟು ಹೊಳೆಯಿತು. ಹಿರಿಯೂರಿಗೆ ಹೋಗಿ ಸಾಹುಕಾರರ ಬಾಗಿಲಲ್ಲಿ ನಿಂತಳು. "ಶಿಲ್ಪಿಗೆ ಲಕ್ವ ಹೊಡೆದೈತೆ ಕಣವ್ವ. ಆ ಕಪ್ಪು ಅವನ ಕೈಯಾಗೇ ಇತ್ತು, ಬೇರೆ ಯಾರಿಗೂ ಬರಲ್ಲ," ಅಂದರು ಅವರು.

ಮಳೆ ಬಿತ್ತು. ಗೊಂಬೆಯ ಕಣ್ಣಿನ ಕೆಳಗಿಂದ ಕೆನ್ನೆ ಮೇಲೆ ಹಸಿರು ಗೆರೆ ಇಳಿಯಿತು. ಅಕ್ಕನ ಮುಖ ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದರೂ ಕೆಂಚಕ್ಕನಿಗೆ ಈ ಹಳದಿ ಮುಖವೇ ಎದುರು ಬರುತ್ತಿತ್ತು.

ಒಂದು ಬೆಳಿಗ್ಗೆ ಚಂದ್ರಕ್ಕ ಹುಣಸೆಹಣ್ಣಿನ ಉಂಡೆ ಹಿಡಿದು ಬಂದಳು. "ಕಿಲುಬು ಬಂದೈತಲ್ಲೇ, ಮತ್ತೆ ತಿಕ್ಕಾಣ?"

"ಬ್ಯಾಡ ಕಣೆ. ಇತ್ಲಾಗೆ ಕೊಡು."

ಉಂಡೆ ಇಸಿದುಕೊಂಡ ಕೆಂಚಕ್ಕ ಗೊಂಬೆಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಳು. ಅರವಟ್ಟಿಗೆಯ ಹಿತ್ತಾಳೆ ಕೊಡ ಎಳೆದುಕೊಂಡು, ಕಂಠದಿಂದ ಶುರುಮಾಡಿ ತಿಕ್ಕತೊಡಗಿದಳು.